ಧಾನ್ಯದ ಹೇರು ಹೊತ್ತ ತಾಂಡಾಗಳ ಗುರು: ಸಂತ ಸೇವಾಲಾಲರ ಜೀವನ

ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವನ್ನು ಲಂಬಾಣಿ ಸಮುದಾಯದವರು ಭಾಯಾಗಡ್ ಎಂದು ಕರೆಯುತ್ತಾರೆ. ಪ್ರತಿ ವರ್ಷ ಫೆಬ್ರವರಿ ತಿಂಗಳ ನಡುವಿನಲ್ಲಿ ಮಾಲೆ ಧರಿಸಿದ ಭಕ್ತರು ಕರ್ನಾಟಕದ ಹಲವು ಜಿಲ್ಲೆಗಳಿಂದಲೂ ನೆರೆಯ ರಾಜ್ಯಗಳಿಂದಲೂ ಇಲ್ಲಿಗೆ ಬರುತ್ತಾರೆ. ಬಂಜಾರರ ಆರಾಧ್ಯ ಗುರು ಸಂತ ಸೇವಾಲಾಲ್ ಮಹಾರಾಜರು 1739ರ ಫೆಬ್ರವರಿ 15ರಂದು ಹುಟ್ಟಿದ್ದು ಇಲ್ಲೇ ಎಂಬುದು ಸಮುದಾಯದ ನಂಬಿಕೆ. ಆಂಧ್ರಪ್ರದೇಶದ ಗುತ್ತಿಯ ಸಮೀಪದಲ್ಲಿಯೂ ಅವರ ಹೆಸರಿನ ಕ್ಷೇತ್ರವೊಂದಿದೆ. ವರ್ಷದ ಎಂಟು ತಿಂಗಳು ದಾರಿಯಲ್ಲೇ ಕಳೆಯುತ್ತಿದ್ದ ಜನರ ಗುರುವನ್ನು ಒಂದಕ್ಕಿಂತ ಹೆಚ್ಚು ಊರುಗಳು ತಮ್ಮವನೆಂದು ಹೇಳಿಕೊಳ್ಳುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಜೈನ ಕುಟುಂಬಗಳಿಗೆ ಸೇವಾಲಾಲರ ಹೆಸರು ಪರಿಚಿತವಾದರೂ ಅವರ ಜನರು ಮಾಡುತ್ತಿದ್ದ ಕೆಲಸದ ಪರಿಚಯ ಅಷ್ಟಾಗಿ ಇರಲಾರದು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಆಹಾರದಾನದ ಕಥೆಗಳನ್ನು ಎಲ್ಲರೂ ಕೇಳಿದ್ದಾರೆ. ಕಚ್ಛದ ಭದ್ರೇಶ್ವರದ ವರ್ತಕ ಜಗಡೂಶಾ 13ನೆಯ ಶತಮಾನದ ಮೂರು ವರ್ಷಗಳ ಬರದಲ್ಲಿ ಕಣಜಗಳನ್ನು ತೆರೆದು 112 ದಾನಶಾಲೆಗಳನ್ನು ನಡೆಸಿದ್ದು ಸರ್ವಾನಂದ ಸೂರಿಯ ಜಗಡೂಚರಿತದಲ್ಲಿ ದಾಖಲಾಗಿದೆ. ಕಣಜ ತುಂಬಿಸಿದವರ ಹೆಸರು ಹೀಗೆ ಕಾವ್ಯಕ್ಕೆ ಬರುತ್ತದೆ. ಕಣಜದಿಂದ ಹಸಿದವರ ಊರಿನವರೆಗೆ ಆ ಧಾನ್ಯವನ್ನು ಹೊತ್ತೊಯ್ದವರು ಯಾರು ಎಂದು ಯಾವ ಕಾವ್ಯವೂ ಹೇಳುವುದಿಲ್ಲ. ದಖ್ಖನಿನಲ್ಲಿ ಹಲವು ಶತಮಾನಗಳ ಕಾಲ ಈ ಹೊರುವ ಕೆಲಸವನ್ನು ಮಾಡಿದವರಲ್ಲಿ ಬಂಜಾರರು ಮುಖ್ಯರು. ಸೇವಾಲಾಲರು ಹುಟ್ಟಿದ್ದು ಅವರ ನಡುವೆ.

ಹುಟ್ಟು, ಬಾಲ್ಯ

ತಂದೆ ಭೀಮಾನಾಯಕ, ತಾಯಿ ಧರ್ಮಿಣಿ. ಲಂಬಾಣಿ ಮಾತಿನಲ್ಲಿ ತಾಯಿಗೆ ಯಾಡಿ ಎನ್ನುವುದರಿಂದ ಹಾಡುಗಳಲ್ಲಿ ಆಕೆ ಧರ್ಮಿಣಿ ಯಾಡಿ. ಭೀಮಾನಾಯಕರು ತಮ್ಮ ತಾಂಡಾದ ನಾಯಕರು, ಸಾವಿರಾರು ದನಗಳ ಒಡೆಯರು. ದಂಪತಿಗೆ ಬಹುಕಾಲ ಮಕ್ಕಳಿರಲಿಲ್ಲ, ದೇವಿಗೆ ಹರಕೆ ಹೊತ್ತ ಮೇಲೆ ಸೇವಾಲಾಲರು ಹುಟ್ಟಿದರು ಎಂದು ಹಾಡುಗಳು ಹೇಳುತ್ತವೆ. ಆ ನಂತರ ತಮ್ಮಂದಿರೂ ಹುಟ್ಟಿದರು. ಸೇವಾಲಾಲರೇ ಹಿರಿಯಣ್ಣ. ಭಾಯಾ ಎಂದರೆ ಅಣ್ಣ. ಸೇವಾಭಾಯಾ ಎಂಬ ಹೆಸರು ಮನೆಯಿಂದ ತಾಂಡಾಕ್ಕೂ ತಾಂಡಾದಿಂದ ಇಡೀ ಸಮುದಾಯಕ್ಕೂ ಹರಡಿತು.

ಬಾಲಕನ ಕೆಲಸ ದನ ಕಾಯುವುದು. ಗರಾಸ್ಯಾ ಎಂಬ ಹೋರಿ, ತೋಳಾರಾಮ್ ಎಂಬ ಕುದುರೆ ಅವರ ಜೊತೆಗಾರರು. ತಾಯಿ ಕಟ್ಟಿಕೊಟ್ಟ ಬುತ್ತಿಯನ್ನು ಹುಡುಗ ತಿನ್ನುತ್ತಿರಲಿಲ್ಲವೆಂದೂ, ಕೇಳಿದಾಗ ಮಣ್ಣನ್ನೇ ಸಿಹಿ ಶಿರಾ ಮಾಡಿ ತೋರಿಸಿದನೆಂದೂ ಒಂದು ಕಥೆಯಿದೆ. ಇಂಥ ಪವಾಡದ ಕಥೆಗಳು ಬಹಳ. ಅವುಗಳ ನಡುವೆ ಒಂದು ಮಾತ್ರ ಜೈನ ಓದುಗರ ಗಮನವನ್ನು ತಾನಾಗಿ ಸೆಳೆಯುತ್ತದೆ.

ದೇವಿ ಜಗದಂಬೆ ಈ ಹುಡುಗ ತನ್ನ ಭಕ್ತನಾಗಬೇಕೆಂದು ಬಯಸಿದಳು. ಸೇವಾಲಾಲರು ಒಪ್ಪಲಿಲ್ಲ. ಆಕೆಯ ಭಕ್ತನಾದರೆ ಪ್ರಾಣಿಬಲಿ ಕೊಡಬೇಕು, ಅದು ತನ್ನಿಂದಾಗದು ಎಂಬುದು ಅವರ ಕಾರಣ. ಮನೆಗೆ, ತಾಂಡಾಕ್ಕೆ ಒಂದರ ಮೇಲೊಂದು ಕಷ್ಟ ಬಂದರೂ ಅವರು ಬಗ್ಗಲಿಲ್ಲ. ಕೊನೆಗೆ ಭಕ್ತರಾದರು, ಬಲಿಯಿಂದ ಮಾತ್ರ ದೂರವೇ ಉಳಿದರು. ಇಂದಿಗೂ ತಾಂಡಾಗಳಲ್ಲಿ ಸೇವಾಲಾಲರಿಗೆ ಸಲ್ಲುವ ಭೋಗ ಸಿಹಿ ಪದಾರ್ಥದ್ದು. ದೇವಿಗೆ ಬೇರೆ ಪದ್ಧತಿ ಇರುವ ಕಡೆಯೂ ಎರಡನ್ನು ಕೂಡಿಸುವುದಿಲ್ಲ. ಸುತ್ತಲಿನ ರೂಢಿ ಬೇರೆಯಾಗಿದ್ದಾಗ, ಜಿನಾಗಮದ ಉಪದೇಶ ಕೇಳಿರದ ದನಗಾಹಿ ಹುಡುಗನೊಬ್ಬ ಈ ನಿಲುವಿಗೆ ಬಂದಿದ್ದು ಸಣ್ಣ ಸಂಗತಿಯಲ್ಲ.

ಅವರು ಮದುವೆಯಾಗಲಿಲ್ಲ. ಬ್ರಹ್ಮಚಾರಿಯಾಗಿಯೇ ಉಳಿದು ತಾಂಡಾದ ಜೊತೆ ನಡೆದರು.

ತಾಂಡಾ ಎಂಬ ವ್ಯವಸ್ಥೆ

ಸೇವಾಲಾಲರನ್ನು ಅರಿಯಲು ತಾಂಡಾವನ್ನು ಅರಿಯಬೇಕು. ಈಗ ತಾಂಡಾ ಎಂದರೆ ಊರ ಹೊರಗಿನ ಲಂಬಾಣಿ ಬಡಾವಣೆ. ಆಗ ಅದು ಚಲಿಸುವ ಉಗ್ರಾಣವಾಗಿತ್ತು. ಎತ್ತಿನ ಬೆನ್ನ ಮೇಲೆ ಗೋಣಿ ಹೇರಿ ಊರಿಂದೂರಿಗೆ ಸಾಗಿಸುವ ಈ ವ್ಯಾಪಾರಕ್ಕೆ ಅವರ ಮಾತಿನಲ್ಲಿ ಲದೇಣಿ ಎಂದು ಹೆಸರು. ಕರಾವಳಿಯಿಂದ ಉಪ್ಪು ಘಟ್ಟ ಹತ್ತಿ ಬರುತ್ತಿತ್ತು, ಧಾನ್ಯ ಬೆಳೆಯುವ ಸೀಮೆಯಿಂದ ಇಲ್ಲದ ಸೀಮೆಗೆ ಹೋಗುತ್ತಿತ್ತು. ಲಂಬಾಣಿ ಎಂಬ ಹೆಸರನ್ನೇ ಹಲವರು ಲವಣ ಶಬ್ದದಿಂದ ಬಿಡಿಸುತ್ತಾರೆ.

1632ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ ಉತ್ತರ ಭಾರತದ ದಾರಿಯಲ್ಲಿ 14,000 ಎತ್ತುಗಳ ಒಂದು ತಾಂಡಾವನ್ನು ಎದುರಾದ. ಎಲ್ಲವೂ ಧಾನ್ಯ ಹೊತ್ತಿದ್ದವು. ಒಂದೊಂದು ಎತ್ತಿಗೆ ಸುಮಾರು 100 ಕಿಲೊ ಎಂದಿಟ್ಟುಕೊಂಡರೂ 1,400 ಟನ್ ಆಯಿತು, ಅಂದರೆ ಇಂದಿನ ಹತ್ತು ಟನ್ನಿನ 140 ಲಾರಿಗಳ ಹೇರು. ಅದೇ ಶತಮಾನದ ಫ್ರೆಂಚ್ ವ್ಯಾಪಾರಿ ತವೆರ್ನಿಯೆ ಕೂಡ ಹತ್ತು, ಹನ್ನೆರಡು ಸಾವಿರ ಎತ್ತುಗಳ ಸಾಲುಗಳನ್ನು ಕಂಡು ಬರೆದಿದ್ದಾನೆ.

ಇಷ್ಟು ದೊಡ್ಡ ಸಾಲು ದಿನಕ್ಕೆ ಆರೇಳು ಮೈಲಿಗಿಂತ ಹೆಚ್ಚು ನಡೆಯುತ್ತಿರಲಿಲ್ಲ. ನಡಿಗೆ ಮುಗಿದ ಮೇಲೆ ಹೇರು ಇಳಿಸಿ ಗೋಣಿಗಳನ್ನು ಒಟ್ಟಿ, ಎತ್ತುಗಳನ್ನು ಮೇಯಲು ಬಿಡುತ್ತಿದ್ದರು. ದಾರಿಬದಿಯ ಹುಲ್ಲೇ ಮೇವಾದ್ದರಿಂದ ಸಾಗಣೆಯ ಖರ್ಚು ಬಹಳ ಕಡಿಮೆ. ಹೆಂಗಸರು, ಮಕ್ಕಳು, ಮುದುಕರೆಲ್ಲ ಜೊತೆಗೇ ಇರುತ್ತಿದ್ದರು. ಹೇರು ಕಟ್ಟುವುದರಲ್ಲಿ ಹೆಂಗಸರ ಕೈ ಗಂಡಸರಿಗಿಂತ ಹಿಂದಿರಲಿಲ್ಲ. ಮಳೆಗಾಲದಲ್ಲಿ ಸಾಲು ಒಂದೆಡೆ ಬೀಡು ಬಿಡುತ್ತಿತ್ತು. ಮುನಿಗಳ ಚಾತುರ್ಮಾಸ್ಯವನ್ನು ನೋಡಿ ಬೆಳೆದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣ ಒಂದು, ಪ್ರಾಣಿಯ ಮೇಲೆ ಅದರ ಶಕ್ತಿ ಮೀರಿ ಹೊರೆ ಹೇರುವುದು. ಅನ್ನಪಾನನಿರೋಧ ಇನ್ನೊಂದು, ತಿನ್ನಲು ಕುಡಿಯಲು ಕೊಡದೆ ತಡೆಯುವುದು. ಲದೇಣಿಯವರು ಶಾಸ್ತ್ರ ಓದಿದವರಲ್ಲ. ಆದರೂ ಎತ್ತು ಸತ್ತರೆ ತಾಂಡಾ ಸತ್ತಂತೆ ಎಂಬ ಅರಿವಿನಿಂದ ಈ ಎರಡನ್ನೂ ಕಾಯ್ದುಕೊಂಡಿದ್ದರು.

ಒಳಗಿನ ಆಡಳಿತ ನಾಯಕ, ಡಾವ, ಕಾರಭಾರಿ ಎಂಬ ಮೂವರ ಕೈಯಲ್ಲಿತ್ತು. ಜಗಳ ಬಂದರೆ ತಾಂಡಾದೊಳಗೇ ತೀರ್ಮಾನ. ಹೊರಗಿನವರ ಜೊತೆಗಿನ ಸಂಬಂಧ ಪೂರ್ತಿಯಾಗಿ ನಂಬಿಕೆಯ ಮೇಲೆ ನಿಂತಿತ್ತು. ಕೆಲವು ನಾಯಕರು ಸ್ವಂತ ಬಂಡವಾಳದಲ್ಲಿ ಧಾನ್ಯ ಕೊಳ್ಳುತ್ತಿದ್ದರು, ಇನ್ನು ಕೆಲವರು ಸಾಹುಕಾರರಿಂದ ಸಾಲ ಎತ್ತುತ್ತಿದ್ದರು. ತಿಂಗಳುಗಟ್ಟಲೆ ಕಣ್ಣಿಗೆ ಬೀಳದ ಮನುಷ್ಯನಿಗೆ ಹಣ ಒಪ್ಪಿಸುವ ವರ್ತಕ, ಅದನ್ನು ಮರಳಿಸುವ ನಾಯಕ, ದಾರಿಯಲ್ಲಿ ನೀರು ಹುಲ್ಲು ಬಿಟ್ಟುಕೊಡುವ ಹಳ್ಳಿಯವರು: ಈ ಮೂವರಲ್ಲಿ ಒಬ್ಬರು ಮಾತು ತಪ್ಪಿದರೂ ಹೇರು ನಿಂತುಹೋಗುತ್ತಿತ್ತು.

ಸೇವಾಲಾಲರ ಉಪದೇಶವನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅದರ ತೂಕ ಗೊತ್ತಾಗುತ್ತದೆ. ಕದಿಯಬಾರದು, ಸುಳ್ಳು ಹೇಳಬಾರದು, ಕುಡಿಯಬಾರದು, ಹೆಣ್ಣನ್ನು ಗೌರವಿಸಬೇಕು, ಕಾಡು ನೀರನ್ನು ಕಾಪಾಡಬೇಕು ಎಂಬುದು ಅವರ ಬೋಧನೆಯ ಸಾರ. ಎಲ್ಲ ಸಂತರೂ ಹೇಳುವುದು ಇದನ್ನೇ ಅಲ್ಲವೇ ಎನಿಸಬಹುದು. ಆದರೆ ಬೇರೆಯವರ ಧಾನ್ಯ ಹೊತ್ತು ನಡೆಯುವ ಜನರಿಗೆ ಇವು ಬರೀ ನೀತಿಯ ಮಾತುಗಳಾಗಿರಲಿಲ್ಲ. ದಾರಿಯಲ್ಲಿ ಒಂದು ಗೋಣಿ ಕಾಣೆಯಾದರೆ ಮುಂದಿನ ವರ್ಷ ಆ ತಾಂಡಾಕ್ಕೆ ಯಾವ ವರ್ತಕನೂ ಸರಕು ಒಪ್ಪಿಸುತ್ತಿರಲಿಲ್ಲ. ನೀರಿನ ಹೊಂಡ ಹಾಳು ಮಾಡಿದರೆ ಮತ್ತೆ ಆ ದಾರಿಯಲ್ಲಿ ಬರುವಂತಿರಲಿಲ್ಲ. ಧಾನ್ಯವೂ ಕುಡಿಯುವ ನೀರೂ ಹಣಕ್ಕೆ ದುಬಾರಿಯಾಗಿ ಮಾರಾಟವಾಗುವ ಕಾಲ ಬರುತ್ತದೆ ಎಂದು ಸೇವಾಲಾಲರು ಮುನ್ನುಡಿದರೆಂದು ತಾಂಡಾಗಳ ಹಿರಿಯರು ಈಗಲೂ ನೆನೆಯುತ್ತಾರೆ.

ಅವರಿಗೆ ಮೋತಿವಾಳೊ, ಅಂದರೆ ಮುತ್ತಿನವನು, ಎಂಬ ಇನ್ನೊಂದು ಹೆಸರೂ ಇದೆ. ಪಶ್ಚಿಮ ಕರಾವಳಿಯಲ್ಲಿ ಸಿಕ್ಕಿಕೊಂಡಿದ್ದ ಪರದೇಶದ ಹಡಗೊಂದನ್ನು ಬಿಡಿಸಿಕೊಟ್ಟು, ಮುತ್ತುಗಳನ್ನು ಕಾಣಿಕೆಯಾಗಿ ಪಡೆದರೆಂಬುದು ಹೆಸರಿನ ಹಿಂದಿನ ಕಥೆ. ಚರಿತ್ರೆಯೋ ಹಾಡೋ, ಘಟ್ಟದ ಮೇಲಿನ ಎತ್ತಿನ ಸಾಲಿಗೂ ಕಡಲಿನ ಹಡಗಿಗೂ ಇದ್ದ ನಂಟನ್ನು ಅದು ಸರಿಯಾಗಿಯೇ ಹಿಡಿದಿದೆ.

ಯುದ್ಧದ ನಡುವೆ

ಸೇವಾಲಾಲರ ಕಾಲ ಶಾಂತಿಯ ಕಾಲವಾಗಿರಲಿಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. ಮರುವರ್ಷವೇ ಪೇಶ್ವೆ ಮಾಧವರಾಯನ ಸೇನೆ ಹೊನ್ನಾಳಿಯಿಂದ ಬಹಳ ದೂರವಿಲ್ಲದ ರಟ್ಟೀಹಳ್ಳಿಯಲ್ಲಿ ಅವನನ್ನು ಸೋಲಿಸಿತು. 1779ರಲ್ಲಿ ಚಿತ್ರದುರ್ಗದ ನಾಯಕರ ಆಳ್ವಿಕೆ ಕೊನೆಗೊಂಡಿತು. ಇಂದಿನ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ತಾಲ್ಲೂಕುಗಳ ನೆಲವೆಲ್ಲ ಒಂದಲ್ಲ ಒಂದು ದಂಡಿನ ದಾರಿಯಲ್ಲೋ ಅದರ ಅಂಚಿನಲ್ಲೋ ಇತ್ತು.

ಇಂಥ ನೆಲದಲ್ಲಿ ಧಾನ್ಯ ಹೊತ್ತ ಸಾವಿರ ಎತ್ತುಗಳು ಸಾಗುವುದೆಂದರೆ ಲೂಟಿಗೆ ಕರೆದಂತೆ. ಆದರೂ ತಾಂಡಾಗಳು ಸಾಗಿದವು. ಬಂಜಾರರು ಯಾವ ಪಕ್ಷಕ್ಕೂ ಸೇರಿದವರಲ್ಲ, ಅವರನ್ನು ಮುಟ್ಟಬಾರದು ಎಂಬ ರೂಢಿಯನ್ನು ಎದುರಾಳಿ ಸೇನೆಗಳೂ ಬಹುಮಟ್ಟಿಗೆ ಪಾಲಿಸಿದವು. ಇವತ್ತು ತಾಂಡಾವನ್ನು ದೋಚಿದವನ ಬಜಾರಿಗೆ ನಾಳೆ ಯಾರೂ ಧಾನ್ಯ ತರುವುದಿಲ್ಲ ಎಂಬ ಭಯ ಈ ರೂಢಿಗೆ ಬೇರು. ರೆಡ್‌ಕ್ರಾಸ್ ಹುಟ್ಟಿದ್ದು 1863ರಲ್ಲಿ. ಅದಕ್ಕೂ ಎಷ್ಟೋ ಮೊದಲು ದಖ್ಖನಿನ ದಾರಿಗಳಲ್ಲಿ ಇಂಥದೊಂದು ತಟಸ್ಥತೆ ಬಾಯಿಮಾತಿನಲ್ಲೇ ನಡೆದುಕೊಂಡು ಬಂದಿತ್ತು.

ಇದನ್ನು ಹೊಗಳುವಾಗ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. ಅದೇ ಎತ್ತುಗಳು ಸೇನೆಗಳ ಹೊಟ್ಟೆ ತುಂಬಿಸಿದವು, ಯುದ್ಧಗಳು ಅದರಿಂದಲೇ ಉದ್ದವಾದವು. 1630ರ ಸುಮಾರಿಗೆ ಮೊಗಲ್ ಸೇನಾಪತಿ ಆಸಫ್ ಖಾನನ ಜೊತೆ ದಖ್ಖನಿಗೆ ಬಂದ ಭಂಗಿ, ಝಂಗಿ ಎಂಬ ನಾಯಕರಿಗೆ ತಾಮ್ರಶಾಸನ ಸಿಕ್ಕಿತೆಂದು ಪರಂಪರೆ ಹೇಳುತ್ತದೆ. ಬೇರೆಡೆ ನೀರಿಲ್ಲದಿದ್ದರೆ ಮನೆಯ ಹಂಡೆಯಿಂದ, ಹುಲ್ಲಿಲ್ಲದಿದ್ದರೆ ಮಾಡಿನ ಮೇಲಿಂದ ತೆಗೆದುಕೊಳ್ಳುವ ಹಕ್ಕು ಅದರಲ್ಲಿತ್ತಂತೆ. ದಂಡಿನ ಬಲವಿದ್ದ ತಾಂಡಾ ಬಂದಾಗ ಮಾಡು ಕಳೆದುಕೊಂಡ ಬಡವನಿಗೆ ಅದು ಹೇಗೆ ಕಂಡಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಕದಿಯಬೇಡಿ, ಕಿತ್ತುಕೊಳ್ಳಬೇಡಿ ಎಂದು ಸೇವಾಲಾಲರು ಮತ್ತೆ ಮತ್ತೆ ಹೇಳಬೇಕಾಗಿ ಬಂದದ್ದು ಸುಮ್ಮನೆ ಅಲ್ಲ.

1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನ ಸೇನೆ ಶ್ರೀರಂಗಪಟ್ಟಣದ ಬಳಿಯಿಂದ ಹಸಿದು ಹಿಂದಿರುಗಿತು. ಎಳೆಯುವ ಎತ್ತುಗಳಿಲ್ಲದೆ ದೊಡ್ಡ ತೋಪುಗಳನ್ನು ತಾನೇ ನಾಶ ಮಾಡಬೇಕಾಯಿತು. ಆಮೇಲೆ ಅವನು ಬಂಜಾರರನ್ನು ಒಲಿಸಿಕೊಂಡು ಧಾನ್ಯ ತರಿಸಿದ. ಅದೇ ಹೊತ್ತಿಗೆ ದಖ್ಖನಿನ ಹಳ್ಳಿಗಳಲ್ಲಿ ತಲೆಬುರುಡೆಯ ಬರ ಎಂದೇ ಕುಖ್ಯಾತವಾದ ಕ್ಷಾಮ ಹರಡಿತ್ತು. ಕೊಡುವ ಶಕ್ತಿ ಇದ್ದ ಸೇನೆಗೆ ಹೇರು ಹೋಯಿತು, ಕೊಡಲಾಗದ ಹಳ್ಳಿಗಳು ಬರಿದಾಗಿ ಉಳಿದವು. ಹೊರುವವರಿದ್ದರೆ ಸಾಲದು, ಎಲ್ಲಿಗೆ ಹೊರಬೇಕು ಎಂದು ಹೇಳಿ ಅದರ ಖರ್ಚು ಭರಿಸುವವರೂ ಬೇಕಿತ್ತು. ಜಗಡೂಶಾನಂಥವರು ಆಗ ಸಾಕಷ್ಟು ಇರಲಿಲ್ಲ.

ಸೇವಾಲಾಲರ ಕೊನೆಯ ದಿನಗಳು ಕಳೆದದ್ದು ವಿದರ್ಭದಲ್ಲಿ. ಮಹಾರಾಷ್ಟ್ರದ ವಾಶಿಮ್ ಜಿಲ್ಲೆಯ ಪೊಹರಾದೇವಿಯಲ್ಲಿ ಅವರ ಸಮಾಧಿಯಿದೆ. ಬಂಜಾರರು ಅದನ್ನು ತಮ್ಮ ಕಾಶಿ ಎಂದು ಭಾವಿಸುತ್ತಾರೆ. ತುಂಗಭದ್ರೆಯ ದಂಡೆಯ ಸೀಮೆಯಲ್ಲಿ ಆರಂಭವಾದ ನಡಿಗೆ ನೂರಾರು ಕಿಲೊಮೀಟರ್ ಉತ್ತರದಲ್ಲಿ ಮುಗಿಯಿತು.

ಎತ್ತಿನ ಸಾಲು ನಿಂತ ಮೇಲೆ

19ನೆಯ ಶತಮಾನದ ನಡುವೆ ಗಾಡಿರಸ್ತೆಗಳೂ ರೈಲೂ ಬಂದವು. ಲದೇಣಿ ಕುಸಿಯಿತು. ದಾರಿಯೇ ಮನೆಯಾಗಿದ್ದ ಜನರನ್ನು ಸರ್ಕಾರ ಸಂಶಯದಿಂದ ನೋಡತೊಡಗಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಹಲವು ಕಡೆ ಬಂಜಾರರ ಮೇಲೂ ಹೇರಲಾಯಿತು. ಸಾವಿರ ಎತ್ತಿನ ಹೇರನ್ನು ಚೀಟಿಯಿಲ್ಲದೆ ಒಪ್ಪಿಸಿಕೊಳ್ಳುತ್ತಿದ್ದವರ ಮೊಮ್ಮಕ್ಕಳು ಪೊಲೀಸರ ಮುಂದೆ ಹಾಜರಿ ಹಾಕುವ ಸ್ಥಿತಿ ಬಂತು. ಆ ಕಾಯ್ದೆ ರದ್ದಾಗಿ ಹಣೆಪಟ್ಟಿ ಕಳಚಿದ್ದು 1952ರಲ್ಲಿ.

ನಡುವೆ ಧಾತು, ಈಶ್ವರ ಸಂವತ್ಸರಗಳ ಬರ ಬಂತು, 1876ರಿಂದ 1878ರವರೆಗೆ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷ ಇದ್ದದ್ದು 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮದ್ರಾಸಿನ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಧಾನ್ಯ ಬರುತ್ತಿತ್ತು. ಸಂಸ್ಥಾನದ ಒಳಗೆ ಅದಕ್ಕಿಂತ ಮುಂದೆ ರೈಲು ಇರಲಿಲ್ಲ. ಮೇವಿಲ್ಲದೆ ಎತ್ತುಗಳು ಸಾಯುತ್ತಿದ್ದುದರಿಂದ ಗಾಡಿ ಹೂಡುವುದೂ ದುಸ್ತರವಾಯಿತು. ಧಾನ್ಯ ಜನರ ಬಳಿಗೆ ಬರಲಾರದೆ ಜನರೇ ಧಾನ್ಯದ ಕಡೆಗೆ ನಡೆದರು. ಬೆಂಗಳೂರು ಮುಟ್ಟುವ ಮೊದಲೇ ಎಷ್ಟೋ ಮಂದಿ ದಾರಿಯಲ್ಲಿ ಬಿದ್ದರು. ಹಳೆಯ ತಾಂಡಾಗಳು ಇದ್ದಿದ್ದರೆ ಎಲ್ಲರೂ ಉಳಿಯುತ್ತಿದ್ದರು ಎನ್ನುವಂತಿಲ್ಲ, ಹುಲ್ಲಿಲ್ಲದ ವರ್ಷದಲ್ಲಿ ಹೇರೆತ್ತು ಕೂಡ ನಡೆಯಲಾರದು. ಆದರೆ ಒಳದಾರಿಗಳನ್ನೂ ನೀರಿನ ನೆಲೆಗಳನ್ನೂ ಬಲ್ಲ ಜನರನ್ನು ಮೊದಲೇ ಚದುರಿಸಿಬಿಟ್ಟಿದ್ದರ ನಷ್ಟ ಆ ವರ್ಷ ಸೇರಿಕೊಂಡಿತು. ಆ ನಂತರವೇ ಸಂಸ್ಥಾನದಲ್ಲಿ ರೈಲುದಾರಿಗಳು ಬೆಳೆದು, 1889ರ ಹೊತ್ತಿಗೆ ಹರಿಹರದವರೆಗೆ ಮುಟ್ಟಿದವು.

ಇಂದಿನ ನಾಲ್ಕು ತಾಲ್ಲೂಕುಗಳು

ಸೇವಾಲಾಲರ ಹುಟ್ಟೂರಿನ ಸುತ್ತಲಿನ ಸೀಮೆಯನ್ನು ಈಗ ನೋಡಿದರೆ ಹಳೆಯ ಲೆಕ್ಕ ಪೂರ್ತಿ ಬದಲಾಗಿಲ್ಲ. ಚನ್ನಗಿರಿಯಲ್ಲಿ ಸೂಳೆಕೆರೆ ಎಂದು ಹೆಸರಾದ ಶಾಂತಿಸಾಗರವಿದೆ, ಅಡಿಕೆ ತೋಟಗಳಿವೆ, ತುಮ್ಕೋಸ್‌ನಂಥ ದೊಡ್ಡ ಸಹಕಾರ ಸಂಘವಿದೆ. ಹೊನ್ನಾಳಿಯ ನದಿದಂಡೆಯವರಿಗೆ ತುಂಗಭದ್ರೆ ಉಕ್ಕಿದಾಗ ಮನೆ ಬಿಡುವ ಚಿಂತೆ. ಜಗಳೂರಿಗೆ ಮಳೆಯದೇ ಚಿಂತೆ. ಅಲ್ಲಿನ 57 ಕೆರೆಗಳಿಗೆ ಹರಿಹರ ತಾಲ್ಲೂಕಿನ ದೀಟೂರಿನ ಬಳಿಯಿಂದ ತುಂಗಭದ್ರೆಯ ನೀರನ್ನು ಎತ್ತಿ ಹರಿಸುವ ಯೋಜನೆ ಕೈಗೊಂಡದ್ದು ಇದಕ್ಕಾಗಿಯೇ. ಒಂದೇ ಜಿಲ್ಲೆಯ ಒಂದು ಮೂಲೆಗೆ ದೋಣಿ ಬೇಕು, ಇನ್ನೊಂದು ಮೂಲೆಗೆ ನೀರಿನ ಟ್ಯಾಂಕರೂ ಮೇವಿನ ಲಾರಿಯೂ ಬೇಕು.

2018ರಲ್ಲಿ ಕೊಡಗು, 2019ರಲ್ಲಿ ಉತ್ತರ ಕರ್ನಾಟಕ ನೆರೆಗೆ ಸಿಕ್ಕಿದಾಗ ರಾಜ್ಯದ ಎಲ್ಲ ಕಡೆಯಿಂದ ಲಾರಿಗಳು ಹೊರಟವು. ಜೈನ ಸಮಾಜದವರೂ ಅಕ್ಕಿ, ಬೇಳೆ, ಬಟ್ಟೆ, ಔಷಧ ಕಳಿಸಿದರು. ಕೊಡುಗೆಗೆ ಕೊರತೆ ಇರಲಿಲ್ಲ. ಹೆದ್ದಾರಿಯ ಪಕ್ಕದ ಊರುಗಳಲ್ಲಿ ಬಟ್ಟೆಯ ರಾಶಿ ಬಿದ್ದಿದ್ದಾಗ ಒಳಗಿನ ಊರಿಗೆ ಕುಡಿಯುವ ನೀರು ತಲುಪಿರಲಿಲ್ಲ ಎಂಬಂಥ ದೂರುಗಳು ಪ್ರತಿ ನೆರೆಯಲ್ಲೂ ಕೇಳಿಬರುತ್ತವೆ. ಇದು ಲೋಕಕ್ಕೆಲ್ಲ ಇರುವ ತೊಡಕು. ವಿಶ್ವಸಂಸ್ಥೆ 2005ರಲ್ಲಿ ಪರಿಹಾರ ಸಾಗಣೆಗೆಂದೇ ಒಂದು ಕೂಟ ಮಾಡಿ ಅದರ ಹೊಣೆಯನ್ನು ವಿಶ್ವ ಆಹಾರ ಕಾರ್ಯಕ್ರಮಕ್ಕೆ ಒಪ್ಪಿಸಿತು. ಒಂದೊಂದು ಸಂಸ್ಥೆ ತನ್ನದೇ ಲಾರಿ, ತನ್ನದೇ ಗೋದಾಮು ಎಂದು ಓಡಾಡುವ ಬದಲು ಎಲ್ಲರ ಸರಕೂ ಒಂದೇ ವ್ಯವಸ್ಥೆಯಲ್ಲಿ ಸಾಗಲಿ, ಯಾವ ದಾರಿ ತೆರೆದಿದೆ ಎಂಬ ಸುದ್ದಿ ಎಲ್ಲರಿಗೂ ಸಿಗಲಿ ಎಂಬುದು ಅದರ ಉದ್ದೇಶ. ಹಲವು ವರ್ತಕರ ಸರಕನ್ನು ಒಂದೇ ಸಾಲಿನಲ್ಲಿ ಹೊತ್ತು ನಡೆದ ತಾಂಡಾಕ್ಕೆ ಇದು ಹೊಸ ವಿಷಯವಲ್ಲ.

ದಾವಣಗೆರೆಯಂಥ ಜಿಲ್ಲೆಯಲ್ಲಿ ಇದಕ್ಕೆ ಬೇಕಾದ್ದೆಲ್ಲ ಬಿಡಿಬಿಡಿಯಾಗಿ ಇದೆ. ಸಹಕಾರ ಸಂಘಗಳಿಗೆ ಗೋದಾಮುಗಳಿವೆ, ವರ್ತಕರಿಗೆ ಸರಕಿನ ಲೆಕ್ಕ ಗೊತ್ತು, ತಾಂಡಾಗಳಿಗೂ ಹಳ್ಳಿಗಳಿಗೂ ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬುದು ಗೊತ್ತು. ನೆರೆಯೋ ಬರವೋ ಬಂದ ಮೇಲೆ ಇವರು ಒಬ್ಬರನ್ನೊಬ್ಬರು ಹುಡುಕತೊಡಗಿದರೆ ತಡವಾಗುತ್ತದೆ. ದಾನಿಗಳ ಪಟ್ಟಿಯಲ್ಲಿ ಅಕ್ಕಿ ಮೂಟೆಗೆ ಜಾಗವಿರುತ್ತದೆ, ಲಾರಿಯ ಡೀಸೆಲಿಗೂ ಹಮಾಲರ ಕೂಲಿಗೂ ಇರುವುದಿಲ್ಲ. ಆಹಾರದಾನದ ಲೆಕ್ಕದಲ್ಲಿ ಅದೂ ಸೇರಬೇಕಾದದ್ದೇ.

ಲದೇಣಿ ಬಿಟ್ಟ ಲಂಬಾಣಿಗಳಲ್ಲಿ ಅನೇಕರು ಈಗ ಒಣಬೇಸಾಯದವರು. ಮಳೆ ಕೈಕೊಟ್ಟ ವರ್ಷ ಕಬ್ಬು ಕಡಿಯಲು, ಕಾಫಿ ತೋಟಗಳ ಕೆಲಸಕ್ಕೆ ಕುಟುಂಬ ಸಮೇತ ಗುಳೆ ಹೋಗುತ್ತಾರೆ. ಹಿಂದೆ ಊರಿನ ಪಡಿತರ ಊರಲ್ಲೇ ಉಳಿದು, ಹೋದ ಕಡೆ ಅಕ್ಕಿಯನ್ನು ಅಂಗಡಿಯ ದರಕ್ಕೆ ಕೊಳ್ಳಬೇಕಾಗಿತ್ತು. 2019ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾಗಿ 2022ರ ಹೊತ್ತಿಗೆ ದೇಶಕ್ಕೆಲ್ಲ ಹರಡಿದ ಒಂದು ರಾಷ್ಟ್ರ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ, ಸೂರಗೊಂಡನಕೊಪ್ಪದ ಸೀಮೆಯಿಂದ ಹೊರಟ ಕುಟುಂಬ ತನ್ನ ಪಾಲಿನ ಧಾನ್ಯವನ್ನು ಗದ್ದೆಯ ಪಕ್ಕದ ನ್ಯಾಯಬೆಲೆ ಅಂಗಡಿಯಲ್ಲೂ ಪಡೆಯಬಹುದು, ಅಲ್ಲಿ ಬೆರಳಚ್ಚಿನ ಯಂತ್ರ ಓಡುತ್ತಿದ್ದರೆ, ಅಂಗಡಿಯವರು ಕೊಡಲು ಒಪ್ಪಿದರೆ.